ತಿರುಪಿಲ್ಲದ ಕಡಗ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಕೃಷ್ಣಮೂರ್ತಿಪುರಂನ ನಂಜುಂಡಾಚಾರಿಯವರ ಮುಖದೆದುರೇ ಹೇಳಿದವರು ಬಹಳ ಮಂದಿ. ಗಿರಾಕಿಗಳು ನಗುನಗುತ್ತಾ ಹೇಳುತ್ತಿದ್ದರು, ಅವರೂ ನಗುನಗುತ್ತಾ ಕೇಳಿಸಿಕೊಳ್ಳುತ್ತಿದ್ದರು. ಎಪ್ಪತ್ತಾರು ವರ್ಷದ ಬಾಳಿನಲ್ಲಿ ಅವರು ಗುಲಗಂಜಿ ತೂಕದ ಚಿನ್ನವನ್ನೂ ಕದ್ದವರಲ್ಲ. ಅವರ ತಪ್ಪು ಬೇರೆ ಥರದ್ದು. ಒಬ್ಬ ಹೆಣ್ಣುಮಗಳ ಒಡವೆಯಿಂದ ಅವರು ಏನನ್ನೂ ತೆಗೆಯಲಿಲ್ಲ, ಇರಬಾರದ್ದೊಂದನ್ನು ಅದರೊಳಗೆ ಸೇರಿಸಿದರು. ಸೇರಿಸಿದ್ದನ್ನು ಐವತ್ತಾರು ವರ್ಷ ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ.

ಅವರ ಕೈ ನಡುಗಲು ಶುರುವಾಗಿ ಮೂರು ವರ್ಷವಾಗಿದೆ. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಮುಂಗೈ, ಈಗ ಎರಡೂ ಕೈ. ಹೆಂಡತಿ ಸೋಮಮ್ಮ ಕಾಫಿ ಕೊಡುವಾಗ ಲೋಟದ ಅರ್ಧಕ್ಕೆ ಮಾತ್ರ ಹುಯ್ಯುತ್ತಾರೆ, ಉಳಿದರ್ಧವನ್ನು ಆಮೇಲೆ ಸದ್ದಿಲ್ಲದೆ ತಂದು ಹುಯ್ಯುತ್ತಾರೆ. ಡಾಕ್ಟರು ನರದ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆ ನುಂಗುವಾಗಲೆಲ್ಲ ಆಚಾರರಿಗೆ ನೆನಪಾಗುವುದು ಡಾಕ್ಟರ ಮಾತಲ್ಲ, ಅಪ್ಪ ವೀರಾಚಾರಿಯ ಮಾತು. ಚಿನ್ನದೊಳಗೆ ಕಬ್ಬಿಣ ಬಚ್ಚಿಟ್ಟವನ ಕೈ ಕೊನೆಗಾಲಕ್ಕೆ ಅವನ ಮಾತು ಕೇಳುವುದಿಲ್ಲ ಎಂದು ವೀರಾಚಾರಿ ಹೇಳುತ್ತಿದ್ದರು. ಅವರು ಅದನ್ನು ಹೇಳುತ್ತಿದ್ದದ್ದು ಮೋಸ ಮಾಡುವ ಕಸುಬಿನವರನ್ನು ಬೈಯುವುದಕ್ಕೆ, ಮಗನಿಗಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಯಾರೆಂದು ಎಲ್ಲರಿಗೂ ಗೊತ್ತಿದೆ.

ರಸ್ತೆ ಕಡೆಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಆರಿ ಹೋಗಿದೆ. ಅರ, ಚಿಮಟ, ಎಳೆಗರಗಸ ಎಲ್ಲವೂ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಕೂತಿವೆ. ಕೈ ಚೆನ್ನಾಗಿದ್ದಾಗಲೂ ಕೊನೆಕೊನೆಗೆ ಬರುತ್ತಿದ್ದದ್ದು ತುಂಡಾದ ಸರ, ಸಡಿಲವಾದ ಓಲೆ, ಅಷ್ಟೆ. ಹೊಸದು ಬೇಕಾದವರು ಏಸಿ ಅಂಗಡಿಗೆ ಹೋಗಿ ಗಾಜಿನ ಕೆಳಗಿನದನ್ನು ಬೆರಳಲ್ಲಿ ತೋರಿಸಿ ತೆಗೆದುಕೊಳ್ಳುತ್ತಾರೆ. ಅದರ ಬಗ್ಗೆ ಆಚಾರರಿಗೆ ಸಿಟ್ಟಿಲ್ಲ. ಕೈ ನಡುಗುತ್ತಿರುವ ವಿಷಯ ಊರಿಗೆ ಗೊತ್ತಾಗುವ ಮೊದಲೇ ಗಿರಾಕಿಗಳು ನಿಂತದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದರು.

ಕಳೆದ ಡಿಸೆಂಬರಿನ ಒಂದು ಮಂಗಳವಾರ, ಹನ್ನೊಂದು ದಾಟಿದ ಹೊತ್ತಿನಲ್ಲಿ, ಒಂದು ಹುಡುಗಿ ಬಾಗಿಲಿಗೆ ಬಂದು ನಿಂತಳು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ಕಿವಿಯಲ್ಲಿ ಸಾಸಿವೆಯಷ್ಟು ಹರಳು, ಕೈಯಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿದ ಚಿನ್ನದ ನೂಲಿನಂಥ ಸರಪಳಿ, ಅದನ್ನು ಬಿಟ್ಟರೆ ಮೈಮೇಲೆ ಒಡವೆ ಇಲ್ಲ. ತಾನು ಹನೀಷಾ, ಲಾಜವಂತಿಯವರ ಮೊಮ್ಮಗಳು ಎಂದಳು. ಯಾರ ಬಳಿಯೂ ಆಚಾರರ ನಂಬರಿಲ್ಲದೆ ಒಂದು ಗಂಟೆಯಿಂದ ಬೀದಿ ಬೀದಿ ಸುತ್ತಿ ಮನೆ ಹುಡುಕಿದ್ದಳು. ಉಸಿರು ಬಿಟ್ಟುಬಿಟ್ಟು ಅವಳು ಹೇಳಿದ್ದಿಷ್ಟು. ಹಿಂದಿನ ದಿನ ಸಂಜೆ ದಾದಿ, ಅಂದರೆ ಅವಳ ಅಜ್ಜಿ, ಬಚ್ಚಲಿನಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಮೊದಲೇ ಸಕ್ಕರೆ ಕಾಯಿಲೆ. ಬೆಳಗಾಗುವುದರೊಳಗೆ ಕೈ ಊದಿ, ಮುಂಗೈಯಲ್ಲಿದ್ದ ಚಿನ್ನದ ಕಡಗ ಮಾಂಸದೊಳಕ್ಕೆ ಹೂತುಕೊಂಡಿದೆ. ಆಸ್ಪತ್ರೆಯವರು ಉಂಗುರ ಕೊಯ್ಯುವ ಯಂತ್ರ ತಂದು ಪ್ರಯತ್ನಿಸಿದರು, ಎರಡು ಬ್ಲೇಡು ಹಲ್ಲು ಮುರಿದುಕೊಂಡವು. ಮೂರನೆಯದಕ್ಕೆ ಅಜ್ಜಿ ಬಿಡಲಿಲ್ಲ. ನೋವಿಗೆ ಚೀರುತ್ತಲೇ ಕೈಯನ್ನು ಎದೆಗೆ ಎಳೆದುಕೊಂಡು, ಆಚಾರ್ರು ಮುಚ್ಚಿದ್ದು, ಆಚಾರ್ರೇ ತೆಗೀಬೇಕು ಎಂದು ಹಟ ಹಿಡಿದು ಮಲಗಿದ್ದಾರೆ. ಬೆರಳುಗಳು ನೀಲಿಯಾಗುತ್ತಿವೆ. ಇನ್ನು ತಡಮಾಡಿದರೆ ಕೈ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

ಆಚಾರರು ಒಂದೇ ಒಂದು ಪ್ರಶ್ನೆ ಕೇಳಿದರು.

"ಬ್ಲೇಡು ಮುರಿದಿದ್ದು ಎಲ್ಲಮ್ಮ?"

"ಜಾಯಿಂಟ್ ಹತ್ರ, ತಾತ. ಅಲ್ಲೇ ಸುಲಭ ಅಂತ ಅಲ್ಲಿಂದಾನೇ ಶುರು ಮಾಡಿದ್ರು."

ಅಲ್ಲಿ ಏನಿದೆ ಎಂದು ಈ ಭೂಮಿಯ ಮೇಲೆ ಗೊತ್ತಿದ್ದವರು ಅವರೊಬ್ಬರೇ.

ಈ ಕಡಗದ ಕಥೆ ಹಿಂದಿನಿಂದ ಹೇಳಬೇಕು. ದೇಶ ಇಬ್ಭಾಗವಾದಾಗ ಸಿಂಧ್ ಬಿಟ್ಟು ಬಂದವರಲ್ಲಿ ಕೆಲವು ಕುಟುಂಬಗಳು ಅಲೆದೂ ಅಲೆದೂ ಮೈಸೂರಿಗೆ ಬಂದು ಬಟ್ಟೆಯಂಗಡಿ ಇಟ್ಟುಕೊಂಡವು. ಆ ಮನೆಗಳ ಹೆಂಗಸರು ವೀರಾಚಾರಿಯ ಗಿರಾಕಿಗಳಾದರು. ಚಿಕ್ಕವನಾಗಿದ್ದ ನಂಜುಂಡ ಅವರು ಬಂದರೆ ಆಟ ಬಿಟ್ಟು ಬಂದು ಕೂರುತ್ತಿದ್ದ. ನಮ್ಮ ಕಡೆಯ ಬುಗುಡಿ, ಅಡ್ಡಿಕೆ, ಮೂಗುಬಟ್ಟು ನೋಡಿ ಬೆಳೆದವನಿಗೆ ಅವರದೆಲ್ಲ ಸೋಜಿಗ. ಕಿವಿಯ ಅಂಚಿನುದ್ದಕ್ಕೂ ಸಾಲು ರಿಂಗುಗಳು, ಸರಪಳಿ ಕಟ್ಟಿ ಕೂದಲಿಗೆ ಸಿಕ್ಕಿಸಬೇಕಾದಷ್ಟು ಭಾರದ ನತ್ತು. ಮುದುಕಿಯರ ತೋಳಿನಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಹಳದಿಗಟ್ಟಿದ ಆನೆದಂತದ ಬಳೆಗಳು. ಜೇಠಿಬಾಯಿ ಎಂಬಾಕೆಯ ಕತ್ತಿನಲ್ಲಿ ಹಸ್ಲಿ ಇತ್ತು. ಹಸ್ಲಿ ಎಂದರೆ ಕತ್ತಿನ ಮೂಳೆಗೆ ಒತ್ತಿ ಕೂರುವ ಗಟ್ಟಿ ಚಿನ್ನದ ಬಳೆ, ಅಡ್ಡಿಕೆಯ ಹಾಗೆ ಬಾಗುವುದಿಲ್ಲ, ಬಳುಕುವುದಿಲ್ಲ.

ಊರು ಬಿಡುವಾಗ ಜೇಠಿಬಾಯಿ ತುಂಬಿದ ಬಸುರಿ. ಹಡಗು ಹತ್ತುವ ಮೊದಲು ಯಾರೋ ತಡೆದು ಒಡವೆಯೆಲ್ಲ ಕಳಚಿ ಇಡು ಎಂದರಂತೆ. ತಿರುಪಿನ ಬಳೆಗಳು ಒಂದು ನಿಮಿಷಕ್ಕೆ ಹೋದವು. ನತ್ತು ಹೋಯಿತು, ಕಿವಿಯ ರಿಂಗುಗಳು ಒಂದೊಂದಾಗಿ ಹೋದವು. ಹಸ್ಲಿಯನ್ನು ಮಾತ್ರ ಎಷ್ಟು ಎಳೆದರೂ ಬರಲಿಲ್ಲ. ಹದಿಮೂರರ ಹುಡುಗಿಯ ಕತ್ತಿಗೆ ಕೂರಿಸಿದ್ದು, ಕತ್ತು ಬಲಿತ ಮೇಲೆ ಅದು ಬರುವಂತೆಯೇ ಇರಲಿಲ್ಲ. ಹಿಂದಿನ ಸಾಲಿನವರು ನೂಕುತ್ತಿದ್ದರು, ಹೋಗತ್ತ ಎಂದು ಬಿಟ್ಟರು. ತವರಿನಿಂದ ಆಕೆಯ ಜೊತೆಗೆ ಬಂದದ್ದು ಅದೊಂದೇ. ವೀರಾಚಾರಿಯ ಅಂಗಡಿಯಲ್ಲಿ ಕೂತು ಈ ಕಥೆಯನ್ನು ಜೇಠಿಬಾಯಿ ಹರಕು ಕನ್ನಡದಲ್ಲಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಹಡಗಿನಲ್ಲಿ ಹೊಟ್ಟೆಯಲ್ಲಿದ್ದ ಆ ಕೂಸೇ ಚಂದ್ರಾ. ಇಪ್ಪತ್ತು ತುಂಬಿದಾಗ ಮೈಸೂರಿನಲ್ಲೇ ಇನ್ನೊಂದು ಬಟ್ಟೆಯಂಗಡಿಯವರ ಮನೆಗೆ ಅವಳ ಮದುವೆ ಗೊತ್ತಾಯಿತು. ಮದುವೆಯಾದ ಹೆಣ್ಣಿನ ಹೆಸರನ್ನೇ ಬದಲಾಯಿಸುವುದು ಅವರ ಪದ್ಧತಿ, ಪುರೋಹಿತರು ಲಾಜವಂತಿ ಎಂದು ಹೊಸ ಹೆಸರು ತೆಗೆದರು. ಮಗಳಿಗೆ ಕೊಡಲು ತಾಯಿಯ ಬಳಿ ಹಸ್ಲಿ ಬಿಟ್ಟು ಬೇರೇನಿರಲಿಲ್ಲ. ಒಂದು ಬೆಳಿಗ್ಗೆ ಆಕೆ ಬಂದು ವೀರಾಚಾರಿಯ ಮುಂದೆ ಕತ್ತು ಚಾಚಿ ಕೂತಳು. ನಂಜುಂಡ ಚರ್ಮಕ್ಕೂ ಚಿನ್ನಕ್ಕೂ ನಡುವೆ ತೊಗಲಿನ ಪಟ್ಟಿ ಹಿಡಿದುಕೊಂಡ, ಅಪ್ಪ ಗರಗಸ ಎಳೆದರು. ಒಂದು ಗೀರೂ ಬೀಳಲಿಲ್ಲ. ಆ ಚಿನ್ನದಲ್ಲಿ ಮಗಳ ಬಲಗೈಗೆ ಎಲೆಬಳ್ಳಿಯ ಕೆತ್ತನೆಯ ದಪ್ಪ ಕಡಗವಾಗಬೇಕು, ಒಂದು ಕಡೆ ಕೀಲಿರಲಿ, ಇನ್ನೊಂದು ಕಡೆ ತಿರುಪು ಮಾತ್ರ ಬೇಡ ಎಂದಳು ಜೇಠಿಬಾಯಿ. ಊರು ಹೋಯಿತು, ಈಗ ಮಗಳ ಹೆಸರೂ ಹೋಗುತ್ತದೆ, ಇದೊಂದು ಯಾರು ಎಳೆದರೂ ಹೋಗಬಾರದು ಎಂಬುದು ಆಕೆಯ ಹಟ.

ಕಡಗವೇನೋ ಸಿದ್ಧವಾಯಿತು. ಅದನ್ನು ಮದುಮಗಳ ಕೈಗೆ ಹಾಕಿ ಮೊಳೆ ಬಡಿದು ಮುಚ್ಚಬೇಕಾದ ದಿನವೇ ವೀರಾಚಾರಿ ಜ್ವರ ಬಂದು ಮಲಗಿದರು. ಆ ಕೆಲಸ ಇಪ್ಪತ್ತು ವರ್ಷದ ನಂಜುಂಡನ ತಲೆಗೆ ಬಂತು. ಮರಳು ಚೀಲದ ಮೇಲೆ ಚಂದ್ರಾಳ ಕೈ ಇರಿಸಿ ಚಿನ್ನದ ಮೊಳೆ ಬಡಿದ. ಜೇಠಿಬಾಯಿ ಎರಡು ಕೈಯಲ್ಲಿ ಹಿಡಿದು ಎಳೆದಳು, ಬಾಯಿಬಿಟ್ಟಿತು. ಇನ್ನೊಂದು ಬಡಿದ, ಅದೂ ಬಾಯಿಬಿಟ್ಟಿತು. ಅಪ್ಪಟ ಚಿನ್ನ ಮೆತ್ತಗಿನ ವಸ್ತು, ಎಳೆದರೆ ಬಾಗದೆ ಇನ್ನೇನು ಮಾಡೀತು? ಅಪ್ಪ ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ. ಹುಡುಗಿ ಕೈ ಚಾಚಿಕೊಂಡು ಕೂತಿದ್ದಳು, ತಾಯಿಯ ಕಣ್ಣಲ್ಲಿ ನೀರಿತ್ತು. ನಂಜುಂಡ ಒಳಗೆ ಹೋದ. ಗೋಣಿ ಹೊಲಿಯುವ ದಬ್ಬಣ ಮುರಿದು, ಆ ಉಕ್ಕಿನ ತುಂಡನ್ನು ಕಡಗದ ತುದಿಗಳು ಕೂಡುವ ಕಡೆಯ ಚಿನ್ನದ ಕೊಳವೆಯೊಳಗೆ ತೂರಿಸಿ, ಕೊಳವೆಯ ಎರಡು ತುದಿಯನ್ನೂ ಬಡಿದು ಮುಚ್ಚಿ, ಅರ ಹಾಕಿ ನುಣುಪು ಮಾಡಿದ. ಜೇಠಿಬಾಯಿ ಕಾಲು ಊರಿ ಎಳೆದಳು. ಕಡಗ ಜಪ್ಪಯ್ಯ ಅನ್ನಲಿಲ್ಲ. ಆಕೆ ಅಳುತ್ತಾ ನಗುತ್ತಾ, ಸೇವು ಹಾಕಿ ಮಾಡಿದ ತಮ್ಮ ಮನೆಯ ಮಿಠಾಯಿಯನ್ನು ತನ್ನ ಕೈಯಾರೆ ಅವನ ಬಾಯಿಗಿಟ್ಟಳು.

ಚಿನ್ನದಲ್ಲಿ ಉಕ್ಕಿಟ್ಟೆ ಎಂದು ಅಪ್ಪನಿಗೆ ಹೇಳಲು ಧೈರ್ಯ ಸಾಲಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡ. ಅಪ್ಪ ತೀರಿಕೊಂಡರು, ಜೇಠಿಬಾಯಿ ತೀರಿಕೊಂಡಳು, ಆಮೇಲೆ ಎಂಬುದು ಬರಲೇ ಇಲ್ಲ. ಲಾಜವಂತಿ ಬೇರೆ ಒಡವೆಗಳ ಕೆಲಸಕ್ಕೆ ಬಂದಾಗಲೆಲ್ಲ ಬಲಗೈಯ ಕಡಗವನ್ನು ತಟ್ಟಿ, ಹೆಂಗಿದೆ ನೋಡಿ ನಿಮ್ಮ ಕೆಲಸ ಎಂದು ಹೆಮ್ಮೆಪಡುತ್ತಿದ್ದರು. ಆಚಾರರು ತಲೆ ಬಗ್ಗಿಸಿಕೊಂಡು ಅರ ಉಜ್ಜುತ್ತಿದ್ದರು.

ಹನೀಷಾ ಕಾರಿನ ಬಾಗಿಲು ತೆಗೆದು ನಿಂತಿದ್ದಳು. ಸೋಮಮ್ಮ ಗಂಡನ ಅಂಗಿಯ ಗುಂಡಿ ಹಾಕಿಕೊಟ್ಟರು. ಕೈ ಹೇಗಿದೆ ಎಂದು ಆ ಮಗುವಿಗೆ ಮೊದಲೇ ಹೇಳಿಬಿಡಿ ಎಂದು ಕಿವಿಯಲ್ಲಿ ಹೇಳಿದರು. ಆಚಾರರು ಹೇಳಲಿಲ್ಲ. ಪಂಚೆಯ ತುಂಡಿನಲ್ಲಿದ್ದ ಸಾಮಾನಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಎರಡೂ ಕೈಯನ್ನು ಅದರ ಮೇಲೆ ಒತ್ತಿ ಹಿಡಿದಿದ್ದರು. ಇವತ್ತೊಂದು ದಿನ ನಿಂತುಬಿಡು ಎಂದು ಕೈಯನ್ನೇ ಬೇಡಿಕೊಳ್ಳುತ್ತಿದ್ದರು. ರಸ್ತೆಯಲ್ಲಿ ಎಲ್ಲಿ ನೋಡಿದರೂ ಸಿಗ್ನಲ್ಲು, ಎಲ್ಲ ಕಡೆಯೂ ಕೆಂಪು.

ಆಸ್ಪತ್ರೆಯ ಹಾಸಿಗೆಯ ಮೇಲೆ ಲಾಜವಂತಿಯವರ ಕೈಯನ್ನು ದಿಂಬಿನ ಮೇಲೆ ಎತ್ತಿ ಇರಿಸಿದ್ದರು. ಅದು ಅವರ ಕೈ ಎಂದು ಗುರುತೇ ಸಿಗುತ್ತಿರಲಿಲ್ಲ. ಕಡಗದ ಎರಡೂ ಕಡೆ ಮಾಂಸ ಉಬ್ಬಿ ಮೇಲಕ್ಕೆ ಬಂದು, ನಡುವೆ ಚಿನ್ನದ ಒಂದು ಗೆರೆ ಮಾತ್ರ ಕಾಣುತ್ತಿತ್ತು. ಆಚಾರರನ್ನು ಕಂಡದ್ದೇ ಆಕೆಯ ಮುಖ ಸಡಿಲವಾಯಿತು.

"ಬಂದ್ರಾ ಆಚಾರ್ರೇ. ತೆಗೀರಿ. ನೀವಾದ್ರೆ ನೋಯಲ್ಲ," ಎಂದು ಕಣ್ಣು ಮುಚ್ಚಿಕೊಂಡರು.

ಇಷ್ಟು ದೊಡ್ಡ ನಂಬಿಕೆಯನ್ನು ಯಾರ ಮೇಲೂ ಇಡಬಾರದು. ಡಾಕ್ಟರು ಚಿಕ್ಕ ವಯಸ್ಸಿನವರು, ಗಡಿಯಾರ ನೋಡುತ್ತಾ ಜಾಗ ಬಿಟ್ಟರು. ಆಚಾರರು ಗಂಟು ಬಿಚ್ಚಿ ಎಳೆಗರಗಸ ಕೈಗೆತ್ತಿಕೊಂಡರು. ತೊಗಲಿನ ಪಟ್ಟಿ ತೂರಿಸಲು ಸಂದೇ ಇರಲಿಲ್ಲ, ನರ್ಸು ಒಂದು ತೆಳ್ಳಗಿನ ತಗಡನ್ನು ಹೇಗೋ ಒತ್ತಿ ಒಳಗೆ ಸರಿಸಿದಳು. ಗರಗಸದ ಹಲ್ಲನ್ನು ಚಿನ್ನದ ಮೇಲಿಟ್ಟದ್ದೇ ತಡ, ಕೈ ಕುಣಿಯತೊಡಗಿತು. ಎಡಗೈಯಿಂದ ಬಲಗೈ ಹಿಡಿದುಕೊಂಡರು. ಎರಡೂ ಸೇರಿ ಕುಣಿದವು. ಗರಗಸ ಜಾರಿ ಊದಿದ ಚರ್ಮದ ಮೇಲೆ ಒಂದು ಕೆಂಪು ಗೆರೆ ಎಳೆಯಿತು. ಲಾಜವಂತಿ ತುಟಿ ಕಚ್ಚಿದರೇ ಹೊರತು ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಜಾರಿತು. ಕೋಣೆಯಲ್ಲಿದ್ದವರೆಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ನಾಚಿಕೆಗೆ ಅವರಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಡಾಕ್ಟರು ಮೆಲ್ಲಗೆ ಗರಗಸ ತೆಗೆದುಕೊಂಡು ಪಕ್ಕಕ್ಕಿಟ್ಟರು. ಹೊಸ ಬ್ಲೇಡು ಹಾಕಿ ಮತ್ತೆ ಅದೇ ಜಾಯಿಂಟಿನ ಹತ್ತಿರ ಯಂತ್ರ ತಂದರು. ಆಗ ಆಚಾರರು ಅವರ ತೋಳು ಹಿಡಿದುಕೊಂಡರು.

"ಅಲ್ಲಿ ಕುಯ್ಯಬೇಡಿ ಡಾಕ್ಟ್ರೇ. ಅದರೊಳಗೆ ದಬ್ಬಣದ ತುಂಡು ಐತೆ, ಉಕ್ಕು. ನಾನೇ ಇಟ್ಟಿದ್ದು. ಎರಡು ಬೆರಳು ಈಚೆ ಕುಯ್ರಿ, ಬರೀ ಚಿನ್ನ ಸಿಗ್ತದೆ."

ಲಾಜವಂತಿ ಕಣ್ಣು ತೆರೆದರು.

"ಅದಕ್ಕೇ ಬರ್ಲಿಲ್ಲ ಅನ್ನಿ," ಎಂದರು.

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದರು. ಆ ಮಾತಿನಲ್ಲಿ ಇದ್ದದ್ದು ಸಿಟ್ಟೋ ಸಮಾಧಾನವೋ ಆಚಾರರಿಗೆ ತಿಳಿಯಲಿಲ್ಲ. ಡಾಕ್ಟರು ಎರಡು ಬೆರಳು ಈಚೆಗೆ ಬ್ಲೇಡು ಇಟ್ಟರು. ಮೂರು ನಿಮಿಷ ಹಿಡಿಯಿತು, ಅಷ್ಟೆ. ಬೆಳಿಗ್ಗೆ ಒಂಬತ್ತು ಗಂಟೆಗೇ ಆಗಬಹುದಾಗಿದ್ದ ಕೆಲಸ ಹನ್ನೆರಡೂವರೆಗೆ ಆಯಿತು.

ಮೂರನೆಯ ದಿನ ಉಂಗುರದ ಬೆರಳು ಮತ್ತು ಕಿರುಬೆರಳನ್ನು ತೆಗೆಯಬೇಕಾಯಿತು. ಆಚಾರರು ಬಸ್ಸು ಹತ್ತಿ ಒಬ್ಬರೇ ಆಸ್ಪತ್ರೆಗೆ ಹೋಗಿ ಡಾಕ್ಟರ ಕೋಣೆಯ ಮುಂದೆ ಮಧ್ಯಾಹ್ನದವರೆಗೆ ಕಾದರು. ಬೆಳಿಗ್ಗೆಯೇ ಕಡಗ ಬಿಚ್ಚಿದ್ದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಕೇಳಿದರು. ಹೇಳುವುದು ಕಷ್ಟ ಎಂದರು ಡಾಕ್ಟರು. ಸಕ್ಕರೆ ಕಾಯಿಲೆ ಇತ್ತು, ಸೋಂಕು ಇತ್ತು, ರಾತ್ರಿಯಿಡೀ ಮನೆಯಲ್ಲೇ ಕಳೆದದ್ದಿತ್ತು, ಕಡಗವೂ ಇತ್ತು, ಇದರಿಂದಲೇ ಹೋಯಿತು ಎಂದು ಯಾವುದನ್ನು ಬೊಟ್ಟು ಮಾಡಲಿ? ಹೌದು ಅಂದಿದ್ದರೆ ಆಚಾರರು ಅತ್ತು ಹಗುರಾಗುತ್ತಿದ್ದರು. ಇಲ್ಲ ಅಂದಿದ್ದರೆ ಮನೆಗೆ ಬಂದು ನಿದ್ದೆ ಮಾಡುತ್ತಿದ್ದರು. ಎರಡೂ ಅಲ್ಲದ ಉತ್ತರವನ್ನು ಹೊತ್ತುಕೊಂಡು ವಾಪಸು ಬಂದರು, ಬಿಸಿ ತುಪ್ಪದಂತೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಆ ಸಂಜೆ ಸೋಮಮ್ಮನಿಗೆ ಎಲ್ಲವನ್ನೂ ಹೇಳಿದರು. ಸೋಮಮ್ಮ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲೇ ಬಿಟ್ಟು ಕೇಳಿಸಿಕೊಂಡರು. "ಹೋಗ್ಲಿ ಬುಡಿ. ಅವರಮ್ಮ ಕೇಳಿದ್ದನ್ನ ತಾನೆ ನೀವು ಮಾಡ್ಕೊಟ್ಟಿದ್ದು," ಎಂದರು. ಆಚಾರರಿಗೂ ಅದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಎದೆಯ ಮೇಲಿನ ಭಾರ ಇಳಿಯುವುದಿಲ್ಲ. ಆ ಮನೆಯವರಾದರೂ ಬಂದು ನಾಲ್ಕು ಮಾತು ಬೈದು ಹೋಗಬಾರದೇ ಎಂದು ಕಾದರು. ಯಾರೂ ಬೈಯಲಿಲ್ಲ. ಬದಲಿಗೆ ಹತ್ತು ದಿನ ಬಿಟ್ಟು ಅಮ್ಮನನ್ನು ಮನೆಗೆ ಕರೆತಂದೆವು, ನಿಮ್ಮನ್ನು ಕೇಳುತ್ತಿದ್ದಾರೆ ಎಂದು ಲಾಜವಂತಿಯವರ ಮಗನ ಫೋನು ಬಂತು.

ಬೋಗಾದಿಯ ಹೊಸ ಬಡಾವಣೆಯಲ್ಲಿ ಅವರ ಮನೆ. ಲಾಜವಂತಿ ಬಿಸಿಲು ಬೀಳುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಲಗೈಗೆ ಬ್ಯಾಂಡೇಜು, ಮುರಿದ ಮಣಿಕಟ್ಟಿಗೆ ಅಡಿಯಿಂದ ದಬ್ಬೆ. ಅದರ ಮೇಲೆ, ಕಡಗವಿದ್ದ ಜಾಗದಲ್ಲಿ, ಐವತ್ತಾರು ವರ್ಷ ಬಿಸಿಲು ಕಾಣದ ಚರ್ಮ ಬಿಳಿಯ ಪಟ್ಟಿಯಾಗಿ ಉಳಿದಿತ್ತು. ಆಚಾರರು ಕಾಲು ಮುಟ್ಟಲು ಬಗ್ಗಿದರು. ಲಾಜವಂತಿ ಗದರಿಸಿ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಮಡಿಲಿನಲ್ಲಿದ್ದ ಕರ್ಚೀಫು ಬಿಚ್ಚಿ ಕಡಗದ ತುಂಡುಗಳನ್ನು ಮುಂದಿಟ್ಟರು. ಫೆಬ್ರವರಿಯಲ್ಲಿ ಹನೀಷಾಳ ಮದುವೆ, ಹುಡುಗ ಪುಣೆಯವನು, ಇದನ್ನು ಅವಳ ಕೈಯಳತೆಗೆ ಮಾಡಿಕೊಡಬೇಕು ಎಂದರು.

"ತಿರುಪು ಬೇಡ ಆಚಾರ್ರೇ. ಆ ಸೂಜಿ ಮತ್ತೆ ಹಾಕಿ."

ಆಚಾರರಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಆ ಸೂಜಿಯಿಂದಲೇ ನಿಮ್ಮ ಬೆರಳು ಹೋದದ್ದು ಎಂದು ಹೇಳಲು ಹೊರಟರು.

"ಬೆರಳು ಹೋಯ್ತು. ಕಡಗ ನಾನಾಗಿ ನಿಮ್ಮನ್ನ ಕರೆಸೋವರ್ಗೂ ಹೋಗ್ಲಿಲ್ಲ," ಎಂದರು ಲಾಜವಂತಿ. "ನಮ್ಮಮ್ಮ ಸಾಯೋವಾಗ್ಲೂ ಹಸ್ಲಿ ಇದ್ದ ಕತ್ತು ಮುಟ್ಟಿ ಮುಟ್ಟಿ ನೋಡ್ಕೋತಿದ್ಳು. ತಿರುಪು ಯಾರ ಕೈಗಾದ್ರೂ ಬಗ್ಗುತ್ತೆ. ಇವಳು ಗೊತ್ತಿಲ್ದಿರೋ ಊರಿಗೆ ಹೋಗ್ತಿದಾಳೆ."

ಆಚಾರರು ಆಗಲಿ ಎಂದು ತಲೆಯಾಡಿಸಿದರು.

ಗೇಟಿನವರೆಗೆ ಕಳಿಸಲು ಹನೀಷಾ ಬಂದಳು. ಒಳಗಿನಿಂದ ಕಾಣದ ಹಾಗೆ ಕಾಂಪೌಂಡಿನ ಆಚೆ ನಿಂತು ಅತ್ತುಬಿಟ್ಟಳು. ಒಳ್ಳೆಯ ಹುಡುಗಿ, ಅಜ್ಜಿಯ ಮೇಲೆ ಪ್ರಾಣ. ಮದುವೆಗೆ ಕೊಂಡದ್ದೆಲ್ಲ ಹಗುರದ ಒಡವೆ, ಮೂಗು ಚುಚ್ಚಿಸಿಕೊಳ್ಳದವಳಿಗೆಂದು ಒತ್ತಿ ಸಿಕ್ಕಿಸುವ ನತ್ತು. ಅದಕ್ಕೆಲ್ಲ ಅಜ್ಜಿ ಒಂದು ಮಾತು ಆಡಲಿಲ್ಲವಂತೆ, ಇದೊಂದನ್ನೇ ಕೇಳಿದ್ದು.

"ಬೇಡ ಅಂದ್ರೆ ದಾದಿ ಊಟಾನೇ ಬಿಟ್ಬಿಡ್ತಾರೆ, ತಾತ. ಆದ್ರೆ ತೆಗೆಯಕ್ಕೇ ಆಗ್ದೇ ಇರೋದನ್ನ ನಾನು ಹೆಂಗೆ ಹಾಕ್ಕೊಳ್ಳಿ? ಅವರ ಕೈ ನೋಡಿದೀನಲ್ಲ. ರಾತ್ರಿ ಎಚ್ಚರ ಆದ್ರೆ ಮಣಿಕಟ್ಟು ಮುಟ್ಟಿ ನೋಡ್ಕೋತೀನಿ," ಎಂದಳು. ಎಲೆಯ ಕೆತ್ತನೆಯ ಕೆಳಗೆ, ಕಾಣದ ಹಾಗೆ ಒಂದು ತಿರುಪು ಇಟ್ಟುಬಿಡಿ, ಅಜ್ಜಿಗೆ ಸೂಜಿ ಹಾಕಿದ್ದೇನೆ ಎಂದು ಹೇಳಿಬಿಡಿ ಎಂದು ಕೈಮುಗಿದಳು.

ಆಚಾರರು ಅವಳಿಗೂ ತಲೆಯಾಡಿಸಿದರು. ಇಬ್ಬರು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಐವತ್ತಾರು ವರ್ಷದ ಹಿಂದೆ, ಇದ್ದ ಉಕ್ಕನ್ನು ಇಲ್ಲವೆಂಬಂತೆ ಮುಚ್ಚಿಟ್ಟಿದ್ದರು, ಈಗ ಅದೇ ಕಡಗದಲ್ಲಿ ಇಲ್ಲದ ಉಕ್ಕನ್ನು ಇದೆ ಎನ್ನಬೇಕು. ಅದೂ ಅದೇ ಹೆಂಗಸಿಗೆ. ದೇವರು ಒಬ್ಬ ಮನುಷ್ಯನಿಗೆ ಒಂದು ಸುಳ್ಳು ಸಾಕು ಎಂದು ಬಿಡಬಾರದಿತ್ತೇ?

ಮನೆಗೆ ಬಂದು ಮುಂದಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಕೂತರು. ಕೊನೆಯದಾಗಿ ಈ ಕೆಲಸವನ್ನಾದರೂ ತಾವೇ ಮಾಡಬೇಕೆಂಬ ಆಸೆ. ಕೊಳವೆಯ ತುದಿ ಬಿಡಿಸಿ ದಬ್ಬಣದ ತುಂಡನ್ನು ಹೊರಗೆಳೆಯುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಅದು ತುಕ್ಕು ಹಿಡಿದು ಕಪ್ಪಾಗಿತ್ತು, ಆದರೂ ಗಟ್ಟಿಯಾಗಿತ್ತು. ಚಿಮಟದಲ್ಲಿ ಎತ್ತಿದರು, ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಮೂರನೆಯ ಸಲ ನೆಲದ ಸಂದಿಗೆ ಹೊರಳಿತು, ಸೋಮಮ್ಮ ಬಂದು ಹುಡುಕಿ ತೆಗೆದು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಟ್ಟರು. ಸೂಜಿಯೇ ನಿಲ್ಲದ ಕೈಯಲ್ಲಿ ತಿರುಪಿನ ಸುತ್ತುಗೆರೆ ಕೊರೆಯುವುದೆಂತು? ಮಾರನೆಯ ದಿನ ತುಂಡುಗಳನ್ನು ಅಶೋಕ ರಸ್ತೆಯ ಹಿಂದಿನ ಸಂದಿಯಲ್ಲಿ ಯಂತ್ರ ಇಟ್ಟುಕೊಂಡು ಕೆಲಸ ಮಾಡುವ ಬಂಗಾಳದ ಹುಡುಗರಿಗೆ ಕೊಟ್ಟು ಬಂದರು. ಅವರು ನಾಲ್ಕೇ ದಿನದಲ್ಲಿ ಮಾಡಿಕೊಟ್ಟರು. ಬೆಸುಗೆ ಎಲ್ಲೆಂದು ಆಚಾರರಿಗೇ ಗೊತ್ತಾಗಲಿಲ್ಲ. ಎಲೆಯನ್ನು ಉಗುರಿನಲ್ಲಿ ಎತ್ತಿದರೆ ಕೆಳಗೆ ಸಣ್ಣ ತಿರುಪು. ಕೆಲಸ ಅಪ್ಪನ ಕೆಲಸಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕಾಯಿತು.

ಮದುವೆಯ ಹಿಂದಿನ ದಿನ ಸಾಂತ್ ಎಂಬ ಶಾಸ್ತ್ರ. ಛತ್ರದ ನಡುವೆ ಹನೀಷಾಳನ್ನು ಕೂರಿಸಿ ಬಲಗಾಲಿಗೆ ಗೆಜ್ಜೆ ಕಟ್ಟಿದರು. ಏಳು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ನೆತ್ತಿಗೆ ಎಣ್ಣೆ ಹುಯ್ದರು. ದಂತದ ಬಳೆಯ ಕಾಲ ಮುಗಿದಿದೆ, ಒಂದಿಬ್ಬರು ಅಜ್ಜಿಯರ ಕೈಯಲ್ಲಿ ಅದೇ ಬಣ್ಣದ ಪ್ಲಾಸ್ಟಿಕ್ಕಿನವಿದ್ದವು. ಹುಡುಗಿಯರ ಕಿವಿಯಲ್ಲಿ ಭುಜ ಮುಟ್ಟುವಷ್ಟು ಉದ್ದದ ಹರಳಿನ ಜುಮುಕಿಗಳು, ಮದುವೆಯ ಮಾರನೆಯ ದಿನ ಬಾಡಿಗೆಯ ಅಂಗಡಿಗೆ ವಾಪಸು ಹೋಗುವಂಥವು. ಆಚಾರರು ಹಿಂದಿನ ಸಾಲಿನಲ್ಲಿ, ಯಾರಿಗೂ ಕಾಣದ ಕಡೆ ಕೂತಿದ್ದರು. ಕಡಗವನ್ನು ಕೊಟ್ಟು ಹೋಗಿಬಿಡುವುದು ಅವರ ಎಣಿಕೆ. ಆದರೆ ಲಾಜವಂತಿ ಸುಮ್ಮನೆ ಬಿಡುವವರೇ? ಮುಂದಕ್ಕೆ ಕರೆಸಿದರು. ಅಂದಿನ ಹಾಗೆಯೇ ಮರಳು ಚೀಲವೊಂದನ್ನು ಹೊಲಿಸಿ ತರಿಸಿದ್ದರು. ಮುಚ್ಚುವ ಕೈ ನಿಮ್ಮದೇ ಆಗಬೇಕು ಎಂದರು.

ಆಚಾರರ ಕೈಗೆ ಚಿಕ್ಕ ಸುತ್ತಿಗೆ ಬಂತು. ಹನೀಷಾ ಕಡಗ ತೊಟ್ಟ ಕೈಯನ್ನು ಚೀಲದ ಮೇಲಿಟ್ಟು, ಮತ್ತೊಂದು ಕೈಯಿಂದ ಅವರ ನಡುಗುವ ಮುಂಗೈಯನ್ನು ಹಿಡಿದುಕೊಂಡಳು. ನೋಡಿದವರಿಗೆ ಮುದುಕರಿಗೆ ಆಸರೆ ಕೊಟ್ಟಂತೆ ಕಂಡಿರಬೇಕು. ಬಡಿಯಲು ಅಲ್ಲಿ ಏನೂ ಇರಲಿಲ್ಲ. ಇಬ್ಬರೂ ಸೇರಿ ಎರಡು ಸಲ ಟಕ್ ಟಕ್ ಎನ್ನಿಸಿದರು. ಹೆಂಗಸರು ಹಾಡು ಎತ್ತಿಕೊಂಡರು.

ಲಾಜವಂತಿ ಮೊಮ್ಮಗಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ತಾಯಿ ಮಾಡಿದಂತೆಯೇ ಕಡಗವನ್ನು ಹಿಡಿದು ಎಳೆದರು. ಮೂರು ಬೆರಳಿನಲ್ಲಿ ಎಷ್ಟು ಎಳೆದಾರು, ಅದು ಬಿಚ್ಚಲಿಲ್ಲ. ಆಮೇಲೆ ಹೆಬ್ಬೆರಳನ್ನು ಕಡಗದ ಸುತ್ತ ನಿಧಾನಕ್ಕೆ ಸವರಿಕೊಂಡು ಬಂದರು. ಬಳ್ಳಿಯ ಮೇಲೆ ಸಾಗಿ ಬಂದ ಬೆರಳು ಒಂದು ಎಲೆಯ ಅಂಚಿನಲ್ಲಿ ನಿಂತಿತು. ಎಲೆ ಒಂದಿಷ್ಟು ಮೇಲೆದ್ದಿತು. ಅದರ ಕೆಳಗೆ ಹೆಬ್ಬೆರಳ ಉಗುರು ಹೊಕ್ಕು ತಿರುಪಿಗೆ ತಾಗಿತು, ಅಲ್ಲೇ ಇತ್ತು. ಹನೀಷಾ ನೆಲ ನೋಡುತ್ತಿದ್ದಳು.

ಲಾಜವಂತಿ ತಲೆಯೆತ್ತಿ ಆಚಾರರನ್ನು ನೋಡಿದರು.

"ಹಾಕಿದ್ರಾ ಆಚಾರ್ರೇ?"

ಆಚಾರರ ಜೇಬಿನಲ್ಲಿ ಬೆಂಕಿಪೆಟ್ಟಿಗೆ ಇತ್ತು, ಅದರೊಳಗೆ ದಬ್ಬಣದ ತುಂಡು.

"ಹಾಕಿದೀನಿ ಅಮ್ಮಾವ್ರೇ," ಎಂದರು.

ಲಾಜವಂತಿ ಹೆಬ್ಬೆರಳನ್ನು ಎಲೆಯ ಕೆಳಗಿಂದ ತೆಗೆದರು. ಎಲೆಯನ್ನು ಒತ್ತಿ ಸರಿಯಾಗಿ ಮುಚ್ಚಿದರು. ಹುಡುಗಿಯ ಸೆರಗನ್ನು ಕಡಗದ ಮೇಲೆ ಎಳೆದು ಹೊದಿಸಿದರು. ಸರಿ ಎಂದು ಮೆಲ್ಲಗೆ ಹೇಳಿ, ಪಕ್ಕದ ತಟ್ಟೆಗೆ ಕೈ ಹಾಕಿ ಸೇವಿನ ಮಿಠಾಯಿ ಒಂದು ಚೂರು ಮುರಿದುಕೊಂಡರು. ಆಚಾರರ ಕೈ ನಡುಗುತ್ತದಲ್ಲ ಎಂದು ಕೈಗೆ ಕೊಡಲಿಲ್ಲ, ಆ ಮೂರು ಬೆರಳಿನಲ್ಲಿ ಹಿಡಿದು ಬಾಯಿಯ ಹತ್ತಿರಕ್ಕೇ ತಂದರು. ಬೇಡ ಅನ್ನಲು ಆಚಾರರಿಗೆ ಆಗಲಿಲ್ಲ. ಬಾಯಿ ತೆರೆದರು.